ಚಾಸಿಯಲ್ಲಿ ಗುಟ್ಟೇನಿದೆ?

ಲಾರಿಯಷ್ಟು ಬಿಚ್ಚುಮನಸ್ಸಿನ ಯಂತ್ರ ಇನ್ನೊಂದಿಲ್ಲ. ವಡಾಲಾದ ಟ್ರಕ್ ಟರ್ಮಿನಲ್‌ನಲ್ಲಿ ನಿಂತ ಯಾವುದೇ ಲಾರಿಯ ಕೆಳಗೆ ಬಗ್ಗಿ ನೋಡಿ. ಎರಡು ಉದ್ದ ತೊಲೆ, ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ತೊಲೆಗಳು, ರಿವೆಟ್ಟು, ಕಮಾನುಪಟ್ಟಿ, ಆಕ್ಸಲ್. ಮುಚ್ಚಿಟ್ಟದ್ದು ಏನೂ ಇಲ್ಲ. ಟೇಪು, ಚಾಕ್‌ಪೀಸು ಇದ್ದರೆ ಅರ್ಧ ದಿನದಲ್ಲಿ ನಕ್ಷೆ ಬರೆದುಕೊಳ್ಳಬಹುದು. ಹೀಗಿರುವಾಗ ನಾವು ನಾಲ್ವರು ಕನ್ನಡದ ಎಂಜಿನಿಯರುಗಳು ಭಾನುವಾರಗಳಂದು ಮಾಟುಂಗಾದಲ್ಲಿ ಕೂತು ‘ಓಪನ್ ಸೋರ್ಸ್ ಚಾಸಿ’ ಎಂದು ತಲೆ ಕೆಡಿಸಿಕೊಂಡಿದ್ದೇವೆಂದರೆ ಕೇಳಿದವರು ನಗುವುದು ಸಹಜ. ತೆರೆದೇ ಇರುವುದನ್ನು ಇನ್ನೇನು ತೆರೆಯುತ್ತೀರಿ?

ನನ್ನ ಮಟ್ಟಿಗೆ ಈ ಕೆಲಸ ಶುರುವಾದದ್ದು ತಮ್ಮನಿಂದ. ಅವನು ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಸಣ್ಣ ಟ್ರಕ್ಕೊಂದನ್ನು ಇಟ್ಟುಕೊಂಡು ಅಮರಗೋಳದ ಎಪಿಎಂಸಿಯಿಂದ ಈರುಳ್ಳಿ, ಮೆಣಸಿನಕಾಯಿ ಸಾಗಿಸುತ್ತಾನೆ. “ಅಣ್ಣಾ, ಗಾಡಿಗೆ ಹೆಸರು ನಂದು, ದುಡಿಮಿ ಕಂತಿಂದು” ಎನ್ನುತ್ತಾನೆ. ಊರಿನ ಗ್ಯಾರೇಜಿನಲ್ಲೇ ಕಟ್ಟಬಹುದಾದ, ಕೆಟ್ಟರೆ ಅಲ್ಲೇ ರಿಪೇರಿಯಾಗುವ, ನಕ್ಷೆಗೆ ಯಾರಿಗೂ ದುಡ್ಡು ಕೊಡಬೇಕಿಲ್ಲದ ಚಾಸಿಯೊಂದು ಇದ್ದರೆ ಹೇಗೆ ಎಂಬ ಆಸೆ ಅಲ್ಲಿಂದ ಹುಟ್ಟಿತು.

ಮುಂಬಯಿಗೆ ಇದು ಹೊಸ ಆಸೆಯೇನಲ್ಲ. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಕುರ್ಲಾದ ಅದರ ಕಾರ್ಖಾನೆಯಿಂದ ಡಾಡ್ಜ್, ಫಾರ್ಗೋ ಲಾರಿಗಳು ಹೊರಬಂದವು. 1947ರಲ್ಲಿ ಮಹೀಂದ್ರಾದವರು ಇದೇ ಊರಿನಲ್ಲಿ ಜೀಪು ಜೋಡಿಸತೊಡಗಿದರು. ಕೈ ನಮ್ಮದು, ನಕ್ಷೆ ಹೊರಗಿನದು. 2005ರಲ್ಲಿ ಬಂದ ಟಾಟಾ ಏಸ್‌ನ ಕತೆ ಬೇರೆ. ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಅರ್ಧ ಮಾಡಿದಂತೆ ಎರಡು ಸಿಲಿಂಡರಿನ, 702 ಸಿಸಿಯ ಎಂಜಿನ್ ಮಾಡಿಕೊಂಡು 750 ಕೆ.ಜಿ. ಹೊರುವ ಪುಟ್ಟ ಟ್ರಕ್ಕನ್ನು ಇಲ್ಲಿಯೇ ರೂಪಿಸಿದರು. ನಮ್ಮ ಚಾಳಿನ ಬಾಯಲ್ಲಿ ಅದು ‘ಛೋಟಾ ಹಾಥಿ’. ಕೈಯಲ್ಲಿರುವುದನ್ನೇ ಹೊಸ ಕೆಲಸಕ್ಕೆ ಹೊಂದಿಸಿಕೊಂಡದ್ದರಿಂದ ಅದು ಅಗ್ಗವಾಯಿತು. ನಕ್ಷೆಯನ್ನೇ ಬಿಟ್ಟುಕೊಟ್ಟವರೂ ಇದ್ದಾರೆ: 2013ರಲ್ಲಿ ‘ಓಎಸ್‌ವೆಹಿಕಲ್’ ಎಂಬ ತಂಡ ‘ಟ್ಯಾಬಿ’ ಎಂಬ ಸಣ್ಣ ಚಾಸಿಯ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿತು.

ನಾವೂ ಅದೇ 750 ಕೆ.ಜಿ.ಯನ್ನು ಗುರಿ ಇಟ್ಟುಕೊಂಡೆವು. ಇಂಗ್ಲಿಷಿನ ‘ಸಿ’ ಅಕ್ಷರದಂತೆ ಮಡಚಿದ ಉಕ್ಕಿನ ತೊಲೆ: ಎತ್ತರ 120 ಮಿ.ಮೀ., ಅಂಚು 50, ದಪ್ಪ 4. ನಾಲ್ಕು ಮೀಟರಿನ ಎರಡು ತೊಲೆಗಳ ತೂಕ ಸುಮಾರು 53 ಕೆ.ಜಿ. ಅಷ್ಟೇ. ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಅದು ದೊಡ್ಡ ಮೊತ್ತವೇ ಅಲ್ಲ. ದುಡ್ಡು ಹೋಗುವುದು ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳಿಗೆ. ಆದ್ದರಿಂದ ತೊಲೆಯ ದಪ್ಪದಲ್ಲಿ ಜಿಪುಣತನ ಮಾಡಿ ಉಳಿಯುವುದು ಅಷ್ಟರಲ್ಲೇ ಇದೆ.

ಲೆಕ್ಕ ಹೀಗಿದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.1 ಮೀಟರ್. ಸರಕು 750 ಕೆ.ಜಿ., ತೊಲೆಗಳು ಹೊರುವ ಗಾಡಿಯ ಭಾಗ 350 ಕೆ.ಜಿ. ಗುಂಡಿಗೆ ಬಿದ್ದಾಗ ಈ ಭಾರ ಮೂರು ಪಟ್ಟಾಗುತ್ತದೆ ಎಂದು ಹಿಡಿದರೆ ತೊಲೆಯ ಒತ್ತಡ 141 ಮೆಗಾಪ್ಯಾಸ್ಕಲ್. ಸಾಧಾರಣ ಉಕ್ಕು ಮಣಿಯುವುದು 250ರ ಹತ್ತಿರ. ಪರವಾಗಿಲ್ಲ. ಅದೇ ಗಾಡಿಗೆ ಒಂದೂವರೆ ಟನ್ ಹೇರಿದರೆ 237. ಒಂದು ತೂತು, ಒಂದು ಕೆಟ್ಟ ವೆಲ್ಡಿಂಗ್ ಇದ್ದರೆ ಉಳಿದ ಆ ಚೂರು ಅಂತರವೂ ಹೋಯಿತು. ಒಂದೂವರೆ ಟನ್ ಹೇರುವವರು ನಮ್ಮಲ್ಲಿ ಅಪರೂಪವೇನಲ್ಲ.

ಮಾದರಿಯನ್ನು ಕುರ್ಲಾದ ಒಂದು ಗ್ಯಾರೇಜಿನಲ್ಲಿ ಕಟ್ಟುತ್ತಿರುವವರು ಇಂಡಿ ತಾಲೂಕಿನ ಒಬ್ಬ ಕಾಕಾ. ಮೂವತ್ತು ವರ್ಷ ಬಿರುಕು ಬಿಟ್ಟ ಚಾಸಿಗಳಿಗೆ ತೇಪೆ ಹಾಕಿದವರು. ಒಂದು ದಿನ ಅವರೇ ಹೇಳಿದರು: “ಸರ, ನೋಡಿ ಕಾಪಿ ಹೊಡದವಗ ತೂತು ಎಲ್ಲಿ ಐತಿ ಅನ್ನೂದು ಕಾಣತೈತ್ರಿ. ಎಲ್ಲಿ ಯಾಕ ಇಲ್ಲ ಅನ್ನೂದು ಕಾಣಂಗಿಲ್ಲ.”

ನಾವು ತೆರೆಯಬೇಕಾದದ್ದು ಇದನ್ನೇ ಎಂದು ನನಗೆ ಖಚಿತವಾದದ್ದು ಆಗ. ತೊಲೆಯ ಮೇಲಿನ ಮತ್ತು ಕೆಳಗಿನ ಅಂಚುಗಳೇ ಬಾಗುವಿಕೆಯ ಹೆಚ್ಚಿನ ಪಾಲನ್ನು ತಾಳುತ್ತವೆ. ಅಲ್ಲಿ ತೂತು ಕೊರೆದರೆ ಬಿರುಕಿಗೆ ಬಾಗಿಲು ತೆರೆದಂತೆ. ಅದಕ್ಕೇ ತೂತೆಲ್ಲ ನಡುವಿನ ಗೋಡೆಯಲ್ಲಿ. ವೆಲ್ಡಿಂಗಿನ ಕಾವು ಪಕ್ಕದ ಉಕ್ಕಿನ ಗುಣ ಕೆಡಿಸುತ್ತದೆ. ಅದಕ್ಕೇ ರಿವೆಟ್ಟು, ಬೋಲ್ಟು. ಅಡ್ಡಾದಿಡ್ಡಿ ರಸ್ತೆಯಲ್ಲಿ ಚಾಸಿ ಸ್ವಲ್ಪ ತಿರುಚಿಕೊಳ್ಳಲೇಬೇಕು. ಅದಕ್ಕೇ ತೆರೆದ ‘ಸಿ’. ಆಕಾರ ಎಲ್ಲರಿಗೂ ಕಾಣುತ್ತದೆ, ಈ ‘ಅದಕ್ಕೇ’ಗಳು ಕಾರ್ಖಾನೆಯ ಕಪಾಟಿನಲ್ಲೋ ಕಾಕಾನಂಥವರ ಕೈಯಲ್ಲೋ ಉಳಿದುಬಿಡುತ್ತವೆ.

ಇನ್ನೊಂದು ಬಾಗಿಲು ಕಾನೂನಿನದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ, ತಯಾರಕರು ಮಾದರಿ ವಾಹನವನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯಬೇಕು. ನಕ್ಷೆ ಪುಕ್ಕಟೆ ಸಿಕ್ಕರೂ ಪ್ರಮಾಣಪತ್ರ ಪುಕ್ಕಟೆ ಅಲ್ಲ. ನಮ್ಮಲ್ಲೇ ಒಬ್ಬನಿಗೆ ಇದು ಸಣ್ಣವರನ್ನು ಹೊರಗಿಡುವ ಬೇಲಿಯಾಗಿ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಮ್ಮ ಅರಬೈಲು ಘಟ್ಟ ಇಳಿಯುವಾಗ ಅವನ ಮುಂದೆ ಒಂದು ಬಸ್ಸು ಇರುತ್ತದೆ, ಹಿಂದೆ ಸ್ಕೂಟರಿನ ಮೇಲೆ ಯಾರದೋ ಸಂಸಾರ. ಅವರು ಯಾರೂ ನಮ್ಮ ನಕ್ಷೆಯನ್ನು ಒಪ್ಪಿ ಸಹಿ ಹಾಕಿದವರಲ್ಲ. ಹಾಲಿಗೆ, ಸಾಲಕ್ಕೆ ಸಹಕಾರ ಸಂಘ ಕಟ್ಟಿದ ಜನ ನಾವು. ಹತ್ತು ಗ್ಯಾರೇಜುಗಳು ಸೇರಿ ಒಂದೇ ಮಾದರಿಗೆ ಒಂದೇ ಸಂಘದ ಹೆಸರಿನಲ್ಲಿ ಪರೀಕ್ಷೆ ಮಾಡಿಸುವ ದಾರಿ ಹುಡುಕಬೇಕು. ಖರ್ಚನ್ನು ಹಂಚಿಕೊಂಡಂತೆ ಹೊಣೆಯನ್ನೂ ಹಂಚಿಕೊಳ್ಳಬೇಕು.

ಸದ್ಯಕ್ಕೆ ನಮ್ಮ ಚಾಸಿ ಗ್ಯಾರೇಜಿನ ಹೊಸ್ತಿಲು ದಾಟಿಲ್ಲ. ಮರಳಿನ ಚೀಲ ಹೇರುತ್ತೇವೆ, ಎಷ್ಟು ಮಿಲಿಮೀಟರ್ ಬಾಗಿತೆಂದು ಬರೆದುಕೊಳ್ಳುತ್ತೇವೆ. ಕಡತದ ಮೊದಲ ಪುಟದಲ್ಲಿ ನಕ್ಷೆ ಇರುವುದಿಲ್ಲ. ಹೇರಬಹುದಾದ ಭಾರ, ಅದರ ಲೆಕ್ಕ, ತೂತು ಹೊಡೆಯಬಾರದ ಜಾಗ, ಅದರ ಕಾರಣ ಇರುತ್ತವೆ. ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ.

ಆ ಪುಟವನ್ನು ತಮ್ಮನಿಗೆ ಕಳಿಸಿದೆ. 141, 237 ಎರಡನ್ನೂ ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡ.

“ಹಂಗಾರ ಎರಡು ಟ್ರಿಪ್ ಹೊಡೀಬೇಕು ಅನ್ನು. ಎರಡನೇ ಟ್ರಿಪ್ಪಿನ ಡೀಸೆಲ್ ಯಾರು ಕೊಡ್ತಾರ ಅಣ್ಣಾ?”

ಬಾಡಿಗೆ ದರದ ಈ ಪ್ರಶ್ನೆಗೆ ಉಕ್ಕಿನಲ್ಲಿ ಉತ್ತರವಿಲ್ಲ. ಮುಂದಿನ ಭಾನುವಾರ ಮಾಟುಂಗಾದಲ್ಲಿ ಮೊದಲು ಇದನ್ನೇ ಎತ್ತುವುದೆಂದು ಬರೆದಿಟ್ಟುಕೊಂಡಿದ್ದೇನೆ.