ಅಫರ್ವತ್‌ನ ಬಿಳಿ ಪದರಗಳು

ಗುಲ್ಮಾರ್ಗ್‌ನ ಗೊಂಡೊಲಾ ಕೇಬಲ್ ಕಾರು ಎರಡನೇ ಹಂತದಲ್ಲಿ ನಮ್ಮನ್ನು ಅಫರ್ವತ್ ಬೆಟ್ಟದ ಸುಮಾರು 3,980 ಮೀಟರ್ ಎತ್ತರಕ್ಕೆ ತಂದು ಬಿಟ್ಟಿತು. ಆಕಾಶ ತಿಳಿಯಾಗಿತ್ತು. ದೂರದಲ್ಲಿ ನಂಗಾ ಪರ್ಬತ್! 8,126 ಮೀಟರಿನ ಆ ಗಿರಿ ಬರಿಗಣ್ಣಿಗೇ ಕಾಣುತ್ತದೆಂದರೆ ಊರಲ್ಲಿ ಯಾರು ನಂಬಿಯಾರು? ನಾನು ಬಾಯಿ ಬಿಟ್ಟು ಅತ್ತ ನೋಡುತ್ತಿದ್ದರೆ, ಟಂಗ್‌ಮಾರ್ಗ್ ಕಡೆಯ ನಮ್ಮ ಗೈಡ್ ಕಾಲಡಿಯನ್ನೇ ನೋಡುತ್ತಿದ್ದ. "ಬೆಟ್ಟ ಎಲ್ಲೂ ಓಡಿಹೋಗಲ್ಲ ಸಾಬ್, ಓಡೋದು ಬರ್ಫ್" ಅಂದ.

ಸ್ಕೀ ಗಸ್ತಿನವರ ಗಡಿಹಗ್ಗ ದಾಟಿ ಒಂದಿಷ್ಟು ದೂರ ಹೋಗಿರಬೇಕು. ಕಾಲಡಿಯ ಹಿಮವೆಲ್ಲ 'ಧುಮ್' ಎಂದು ಒಮ್ಮೆಗೇ ಕುಸಿದು ಕೂತಿತು. ಮುಂದಕ್ಕೊಂದು ಬಿರುಕು ಸರ್ರನೆ ಓಡಿತು. ಸಮತಟ್ಟು ಜಾಗ, ಬದುಕಿದೆವು. ಬೆಟ್ಟ ಮಾತಾಡುತ್ತದೆ ಎಂದರೆ ನಗುತ್ತಿದ್ದವನು ನಾನು. ಅಂದು ನಗು ಬರಲಿಲ್ಲ.

ಗೈಡ್ ಸಲಿಕೆ ತೆಗೆದು ಎದೆಮಟ್ಟದ ಗುಂಡಿ ತೋಡಿದ. ಅದರ ಗೋಡೆಯಲ್ಲಿ ಆ ಚಳಿಗಾಲದ ದಿನಚರಿಯೇ ಇತ್ತು. ಮೇಲೆ ಹೊಸ ಹಿಮದ ಹತ್ತಿ, ಕೆಳಗೆ ಗಾಳಿ ಹೊತ್ತು ತಂದು ಗಟ್ಟಿಯಾಗಿ ಜಡಿದ ಹಲಗೆ, ಎಂದೋ ಬಿಸಿಲು ಕರಗಿಸಿ ರಾತ್ರಿ ಹೆಪ್ಪುಗಟ್ಟಿಸಿದ ತೆಳುಗಾಜು. ತಳದಲ್ಲಿ ಮಾತ್ರ ಒಂದಕ್ಕೊಂದು ಅಂಟದ ಹರಳು. ಮುಷ್ಟಿಯಲ್ಲಿ ಹಿಡಿದರೆ ಬಾಂಬೆ ರವೆಯಂತೆ ಜಾರಿಹೋಯಿತು. ಚಳಿಗಾಲದ ಆರಂಭದಲ್ಲಿ ಬಿದ್ದ ತೆಳು ಹಿಮ ಅದು. ಅಡಿಯ ನೆಲ ಸೊನ್ನೆ ಡಿಗ್ರಿಯ ಆಸುಪಾಸು, ಮೇಲಿನ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗೆ. ಈ ಅಂತರಕ್ಕೆ ತಳದ ಆವಿ ಮೇಲೇರುತ್ತ ಕಣಗಳ ಬೆಸುಗೆ ಬಿಚ್ಚಿ, ಹೊಳೆಯುವ ಹರಳು ಕಟ್ಟುತ್ತದೆ. ಭೂತಗನ್ನಡಿಯಲ್ಲಿ ನೋಡಿದೆ. ಇಷ್ಟು ಚೆಂದದ್ದು ಆಳನ್ನೇ ನುಂಗುತ್ತದೆಯೇ!

ಒಂದಡಿ ಅಗಲದ ಕಂಬ ಕೊರೆದು, ಮೇಲೆ ಸಲಿಕೆ ಇಟ್ಟು ತಟ್ಟುವುದು ಪರೀಕ್ಷೆ. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಮೊಣಕೈ ಸರದಿ ಶುರುವಾಗುತ್ತಿದ್ದಂತೆ ಮೇಲಿನ ಹಲಗೆ ನುಣುಪಾಗಿ ಜಾರಿ ಗುಂಡಿಗೆ ಬಿತ್ತು. "ವಾಪಸ್" ಎಂದ. ಚರ್ಚೆಯಿಲ್ಲ. ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರುಗಳನ್ನೆಲ್ಲ ಬಿಟ್ಟು, ಭೂರ್ಜ ಮರಗಳ ನಡುವಿನ ಸೌಮ್ಯ ಇಳುಕಲಿನಲ್ಲಿ ಇಳಿದೆವು.

ಇದೇ ಬೆಟ್ಟದ ಖಿಲನ್‌ಮಾರ್ಗ್‌ನಲ್ಲಿ 2010ರ ಫೆಬ್ರವರಿಯಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮದಡಿ ಸತ್ತರು. 2023ರಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರುಗಳು. ಹಿಮದಡಿ ಆರು ದಿನ ಉಸಿರು ಹಿಡಿದ ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದರನ್ನು ಕನ್ನಡಿಗರು ಮರೆತಿಲ್ಲ. 2016ರ ಸಿಯಾಚಿನ್ ಹಿಮಕುಸಿತದಿಂದ ಜೀವಂತ ಹೊರತೆಗೆದರೂ ಅವರು ಉಳಿಯಲಿಲ್ಲ. ಅಂಥದ್ದು ಪವಾಡ, ಲೆಕ್ಕಕ್ಕಿಲ್ಲ. ಹೂತವರಿಗೆ ಇರುವುದು ಮೊದಲ ಕಾಲುಗಂಟೆ, ಅಷ್ಟೇ. ಕೆಳಗಿನಿಂದ ನೆರವು ಅಷ್ಟರಲ್ಲಿ ಬಾರದು, ಜೊತೆಗಿದ್ದವರೇ ಅಗೆಯಬೇಕು. ಆದ್ದರಿಂದ ಹಗ್ಗ ದಾಟುವ ಮನಸ್ಸಿದ್ದರೆ ಅಂದಿನ ಹಿಮಕುಸಿತ ಮುನ್ಸೂಚನೆ ಓದಿ, ಪ್ರತಿಯೊಬ್ಬರೂ ಹೂತವರನ್ನು ಪತ್ತೆಹಚ್ಚುವ ಟ್ರಾನ್ಸೀವರ್, ಪ್ರೋಬ್, ಜೊತೆಗೆ ಸಲಿಕೆ ಹೊತ್ತುಕೊಳ್ಳಿ. ಗೈಡ್ ವಾಪಸ್ ಎಂದರೆ, ಕೊಟ್ಟ ದುಡ್ಡಿನ ಲೆಕ್ಕ ಹಾಕದೆ ವಾಪಸ್ ಬನ್ನಿ.