ಕೊನೆಯ ಗಾಡಿ ಯಾವುದು?

ಪ್ರೋಗ್ರಾಮ್ ಬರೆಯುವುದು ಇಷ್ಟವೇ. ಆದರೆ ಏನು ಬರೆಯಬೇಕೆಂದು ಪತ್ತೆ ಹಚ್ಚುವ ಹೊತ್ತು ನನಗೆ ಅದಕ್ಕಿಂತ ಇಷ್ಟ. ಡೊಂಬಿವಲಿಯಿಂದ ಅಕ್ಕನ ಮಗಳು ಅಸೈನ್‌ಮೆಂಟ್ ಹಾಳೆ ಹಿಡಿದು ಮುಲುಂಡಿನ ನಮ್ಮ ಮನೆಗೆ ಬಂದು, "ಮಾಮ, ಸರ್ ಏನು ಕೇಳಿದ್ದಾರೆ ಅಂತಲೇ ಗೊತ್ತಾಗ್ತಿಲ್ಲ" ಅಂದಳೆಂದರೆ ಆ ಭಾನುವಾರ ಹಬ್ಬ. ಮೊದಲು ಲ್ಯಾಪ್‌ಟಾಪ್ ಮುಚ್ಚಿಸುತ್ತೇನೆ. ಪೆನ್ಸಿಲು, ರಫ್ ಹಾಳೆ ಸಾಕು.

ಮೊನ್ನೆಯ ಹಾಳೆಯಲ್ಲಿದ್ದದ್ದು ಇಷ್ಟೇ: ಮುಂಬಯಿಯ ದಾದರ್‌ನಿಂದ ಹೊರಡುವ ಲೋಕಲ್‌ಗಳ ಸಮಯ ಓದಿಕೊಂಡು ದಿನದ ಕೊನೆಯ ಗಾಡಿಯನ್ನು ಮುದ್ರಿಸಿ. ಕೆಳಗೆ ಮಾದರಿಗೆಂದು ಮೂರು ಸಮಯ, ಮೂರೂ ಮಧ್ಯಾಹ್ನದವು. ಸಲೀಸಾಗಿಯೇ ಕಾಣುತ್ತದೆ. ಆದರೆ ಯಾವ ದಾದರ್? ಪಶ್ಚಿಮ ರೈಲ್ವೆಯದೋ, ಮಧ್ಯ ರೈಲ್ವೆಯದೋ? ಎರಡೂ ಕಡೆ ಒಂದನೇ ನಂಬರಿನ ಪ್ಲಾಟ್‌ಫಾರ್ಮ್ ಇದ್ದ ಕಾಲದಲ್ಲಿ ಹೊಸಬರು ಸೇತುವೆ ಹತ್ತಿ ಇಳಿದು ಸುಸ್ತಾಗುತ್ತಿದ್ದರು. 2023ರ ಡಿಸೆಂಬರ್‌ನಲ್ಲಿ ಮಧ್ಯ ರೈಲ್ವೆಯವಕ್ಕೆ 8ರಿಂದ 14 ಎಂದು ನಂಬರು ಬದಲಾಯಿಸಿದ ಮೇಲೆಯೇ ಆ ಗೋಜಲು ತೀರಿದ್ದು. ಪ್ರೋಗ್ರಾಮ್ ಬರೆಯುವವರು ಮೆಚ್ಚಬೇಕಾದ ಕೆಲಸ ಅದು.

ನಿಜವಾದ ರುಚಿ ಇರುವುದು ಕೊನೆಯ ಗಾಡಿಯಲ್ಲಿ. ಮುಂಬಯಿ ಲೋಕಲ್‌ನ ದಿನ ರಾತ್ರಿ ಹನ್ನೆರಡಕ್ಕೆ ಮುಗಿಯುವುದಿಲ್ಲ. ಹೋಟೆಲಿನ ಶಟರ್ ಎಳೆದು ಮನೆಗೆ ಹೊರಡುವ ನಮ್ಮೂರಿನವರನ್ನು ಕೇಳಿ, ಅವರ ಕಡೇ ಗಾಡಿ ಬರುವುದು ತಾರೀಕು ಬದಲಾದ ಮೇಲೆ. ಕಂಪ್ಯೂಟರಿನ ಲೆಕ್ಕದಲ್ಲಿ 00:40 ಎಲ್ಲಕ್ಕಿಂತ ಮೊದಲು, 23:50 ಎಲ್ಲಕ್ಕಿಂತ ಕೊನೆ. ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಅದು ತಿರುಗುಮುರುಗು. ಸರ್ ಕೊಟ್ಟ ಮಧ್ಯಾಹ್ನದ ಮಾದರಿಗೆ ಎರಡು ಲೆಕ್ಕದಲ್ಲೂ ಒಂದೇ ಉತ್ತರ ಬರುತ್ತದೆ, ಹಾಗಾಗಿ ಅದರಿಂದ ಏನೂ ಇತ್ಯರ್ಥವಾಗದು.

ಆಗ ಉತ್ತರಗಳು ಬೇರೆಯಾಗುವಂಥ ಮಾದರಿಯನ್ನು ನಾವೇ ಕಟ್ಟಬೇಕು. ಈ ಕಟ್ಟುವ ಕೆಲಸವೇ ನನಗೆ ಪ್ರಾಣ. 16:10, 23:50, 00:40 ಎಂದು ಬರೆಸಿದೆ. "ಅರ್ಥವಾಗಲಿಲ್ಲ ಸರ್" ಎಂದರೆ ಪಾಠ ಮೊದಲಿಂದ ಶುರುವಾದೀತು, "ಇವುಗಳಲ್ಲಿ ಕೊನೆಯದು ಯಾವುದು ಸರ್?" ಎಂದರೆ ಒಂದೇ ಮಾತಿನ ಉತ್ತರ ಸಿಗುತ್ತದೆ. ಅವಳು ಮೆಸೇಜ್ ಕಳಿಸಿದಳು. ಚಹಾ ಮುಗಿಯುವುದರೊಳಗೆ ಉತ್ತರ ಬಂತು: 00:40.

ಇನ್ನುಳಿದದ್ದು ಸುಲಭ. ಬೆಳಗಿನ ಜಾವ ಮೂರಕ್ಕಿಂತ ಮೊದಲಿನ ಸಮಯಕ್ಕೆ 24 ಗಂಟೆ ಕೂಡಿಸಿದರೆ 00:40 ಎಂಬುದು 24:40 ಆಗಿ ತನ್ನ ಜಾಗಕ್ಕೆ ತಾನೇ ಹೋಗಿ ಕೂರುತ್ತದೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಸೇರಿ ಶುರುಮಾಡಿದ, ಈಗ ಲೋಕವೆಲ್ಲ ಬಳಸುವ ಜಿಟಿಎಫ್‌ಎಸ್ ಎಂಬ ವೇಳಾಪಟ್ಟಿ ನಮೂನೆಯಲ್ಲೂ ಮಧ್ಯರಾತ್ರಿ ದಾಟಿದ ಗಾಡಿಯನ್ನು ಹೀಗೆಯೇ ಬರೆಯುತ್ತಾರೆ. ಹೇಳಿದಾಗ ಅವಳ ಹುಬ್ಬು ಮೇಲೇರಿತು.

ಆಮೇಲೆ ಪೆನ್ಸಿಲನ್ನು ಅವಳೇ ಕಸಿದುಕೊಂಡಳು. "ಮಾಮ, ದಾದರ್ ಬಿಡಿ, ನಾಹೂರ್ ಅಂತ ಇಟ್ಕೊಳ್ಳಿ. ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್, ಸ್ಲೋ ಗಾಡಿನೂ ಅಲ್ಲಿ ನಿಲ್ಲಲ್ಲ. ಆ ಹೊತ್ತಿನ ಪಟ್ಟಿಯೇ ಖಾಲಿ. ಆಗ ಏನು ಮುದ್ರಿಸ್ಬೇಕು?"

ಅದನ್ನೂ ಸರ್‌ಗೆ ಕಳಿಸು ಅಂದೆ.