ಹಾಜರಿ ಪುಸ್ತಕವೂ ಪೌರಧರ್ಮವೂ



ಪೌರನೀತಿಯ ಪಾಠಕ್ಕೆ ವಾರದಲ್ಲಿ ಎಷ್ಟು ಅವಧಿಗಳನ್ನು ಕೊಡುತ್ತೀರೆಂದು ಪೋಷಕರು ಆಗಾಗ್ಗೆ ಕೇಳುವುದುಂಟು. ವೇಳಾಪಟ್ಟಿಯನ್ನು ತೋರಿಸಿ ಉತ್ತರ ಕೊಡಬಹುದು. ಆದರೆ ನನ್ನ ಎಣಿಕೆಯಲ್ಲಿ ಆ ಪಾಠವು ಬೆಳಿಗ್ಗೆ ಹಾಜರಿ ಪುಸ್ತಕವನ್ನು ತೆರೆದೊಡನೆಯೇ ಆರಂಭವಾಗುತ್ತದೆ.

ಹಾಜರಿಯ ಸಮಯದಲ್ಲಿ ಪ್ರತಿಯೊಬ್ಬ ಬಾಲಿಕೆಯೂ ತನ್ನ ಹೆಸರಿಗೆ ತಾನೇ, ಎಲ್ಲರಿಗೂ ಕೇಳುವಂತೆ, ಓಗೊಡತಕ್ಕದ್ದು. ಇದೇನು ಮಹಾ ವಿದ್ಯೆಯೆಂದು ನಗಬೇಡಿರಿ. ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆಯು 1951-52ರಲ್ಲಿ ನಡೆಯಿತು. ಅದಕ್ಕಾಗಿ ಮತದಾರರ ಪಟ್ಟಿಯನ್ನು ಬರೆಯಹೋದವರಿಗೆ, ಮುಖ್ಯವಾಗಿ ಉತ್ತರದ ಪ್ರಾಂತಗಳಲ್ಲಿ, ಲಕ್ಷಾಂತರ ಸ್ತ್ರೀಯರು ತಾವು ಇಂಥವನ ಹೆಂಡತಿ, ಇಂಥವನ ತಾಯಿ ಎಂದರೇ ಹೊರತು ಸ್ವಂತ ಹೆಸರನ್ನು ಹೇಳಲಿಲ್ಲ. ಹೆಸರಿಲ್ಲದೆ ಯಾರನ್ನೂ ಪಟ್ಟಿಗೆ ಸೇರಿಸಲಾಗದೆಂದು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಕಟ್ಟುಮಾಡಿದರು. ಕೊನೆಗೂ ಹೆಸರು ತಿಳಿಸದಿದ್ದ ಸುಮಾರು 28 ಲಕ್ಷ ಸ್ತ್ರೀಯರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಸಂವಿಧಾನವು ಅವರಿಗೆ ಮತದ ಹಕ್ಕನ್ನು ಕೊಟ್ಟಿತ್ತು. ಪರರ ಮುಂದೆ ತನ್ನ ಹೆಸರನ್ನು ನುಡಿಯುವ ರೂಢಿಯನ್ನು ಯಾರೂ ಕೊಟ್ಟಿರಲಿಲ್ಲ. ಆದುದರಿಂದ ನಮ್ಮ ಉಪಾಧ್ಯಾಯಿನಿಯರು ತಲೆ ತಗ್ಗಿಸಿ ಗೊಣಗುವ ಹುಡುಗಿಯನ್ನು ಇನ್ನೊಮ್ಮೆ ಮೃದುವಾಗಿ ಕರೆಯುತ್ತಾರೆ.

ಎರಡನೆಯ ಪಾಠವು ತುಸು ಕಠಿಣವಾದದ್ದು. ಪ್ರತಿ ಜೂನ್ ತಿಂಗಳಲ್ಲಿ ತರಗತಿಯ ಮಾನಿಟರಳನ್ನು ಹುಡುಗಿಯರೇ ಗುಪ್ತ ಚೀಟಿಯಿಂದ ಆರಿಸುತ್ತಾರೆ. ಚೀಟಿಗಳನ್ನು ಎಲ್ಲರೆದುರಿಗೆ ಬಿಚ್ಚಿ ಎಣಿಸುವವರೂ ಅವರೇ. ಒಂದು ವರ್ಷ ಒಬ್ಬಾಕೆ ಮೂರು ಮತಗಳಿಂದ ಸೋತಳು. ಆಕೆಯ ತಂದೆಯವರು ಅನುಕೂಲಸ್ಥರು. ಶಾಲೆಗೆ ಒಂದು ಕೊಠಡಿಯನ್ನು ಕಟ್ಟಿಸಿಕೊಡುವುದಾಗಿ ಮಾತು ಕೊಟ್ಟಿದ್ದವರು. ಮಗಳನ್ನೇ ನೇಮಿಸಬೇಕೆಂದು ಕೇಳಲು ಬಂದರು. "ಅಮ್ಮನವರೇ, ಮಕ್ಕಳ ಆಟಕ್ಕೆ ಇಷ್ಟೊಂದು ಬಿಗಿಯೇ?" ಎಂದರು. ಮಕ್ಕಳು ಎಣಿಸಿದ್ದನ್ನು ನಾನು ಅಳಿಸಿದರೆ, ಚುನಾವಣೆಯೆಂದರೆ ದೊಡ್ಡವರು ಆಮೇಲೆ ತಿದ್ದುವ ಲೆಕ್ಕವೆಂದು ನಲವತ್ತು ಹುಡುಗಿಯರು ಕಲಿತುಬಿಡುವರು ಎಂದು ಹೇಳಿದೆನು. ಅವರು ಬೇಸರದಿಂದಲೇ ಹೊರಟರು. ಆ ಕೊಠಡಿ ಬರಲಿಲ್ಲ. ಒಂದು ತರಗತಿಯು ಈಗಲೂ ಜಗಲಿಯಲ್ಲಿಯೇ ಕೂಡುತ್ತದೆ, ಮಳೆಗಾಲದಲ್ಲಿ ಇದು ಸಣ್ಣ ಕಷ್ಟವಲ್ಲ. ಸೋತ ಹುಡುಗಿ ಮಾತ್ರ ನಾಲ್ಕು ದಿನ ಮುಖ ಸಿಂಡರಿಸಿಕೊಂಡಿದ್ದು, ಐದನೆಯ ದಿನ ಗೆದ್ದವಳೊಡನೆ ಕೂಡಿ ಕುಡಿಯುವ ನೀರಿನ ಸರದಿಯ ಪಟ್ಟಿಯನ್ನು ಬರೆಯುತ್ತಿದ್ದಳು.

ಮತದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಹತ್ತನೆಯ ತರಗತಿಯನ್ನು ಮುಗಿಸಿ ಹೊರಡುವ ಹುಡುಗಿಗೆ ಉಳಿಯುವುದು ಎರಡು ಮೂರು ವರ್ಷ ಮಾತ್ರ.

ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ವಿಜ್ಞಾಪನೆ. ಮದುವೆಯಾಗಿ ಬೇರೆ ಊರು ಸೇರಿದ ನಿಮ್ಮಲ್ಲಿ ಕೆಲವರ ಹೆಸರು ಇನ್ನೂ ತೌರೂರಿನ ಪಟ್ಟಿಯಲ್ಲಿಯೇ ಇದೆಯೆಂದು ಕೇಳಿದ್ದೇನೆ. ಅದನ್ನು ವರ್ಗಾಯಿಸಿಕೊಳ್ಳಿರಿ. ಬರುವ ಜೂನ್‌ನಲ್ಲಿ ಚೀಟಿ ಎಣಿಸುವ ದಿನ ಬಿಡುವಿದ್ದರೆ ಶಾಲೆಗೆ ಬನ್ನಿರಿ. ಜಗಲಿಯಲ್ಲಿ ಬೆಂಚು ಹಾಕಿಸಿರುತ್ತೇನೆ.